ಒಲೆ ಪಕ್ಕದ ಪೀಪಾಯಿ

ಸೇತುವೆ ದಾಟಿ ನಮ್ಮೂರಿಗೆ ಬರುವವರಿಗೆ ನಾವು ಹೇಳುವ ಮೊದಲ ಮಾತು ಒಂದೇ: ಸುಳ್ಳು ಹೇಳುವುದೇನಾದರೂ ಉಳಿದಿದ್ದರೆ ಆಚೆ ದಡದಲ್ಲೇ ಹೇಳಿ ಮುಗಿಸಿ ಬನ್ನಿ. ವರ್ಷಪೂರ್ತಿ ಅಲ್ಲ, ನಲವತ್ತು ದಿನ ಮಾತ್ರ. ದ್ರಾಕ್ಷಿ ಹಿಂಡಿ ಪೀಪಾಯಿಗೆ ತುಂಬಿದ ದಿನದಿಂದ, ರಸ ಗುಳುಗುಳು ಎನ್ನುವುದನ್ನು ಬಿಟ್ಟು ತಿಳಿಯಾಗಿ ವೈನಾಗುವ ದಿನದವರೆಗೆ. ಬಿಸಿಲಿನ ನಾಡುಗಳಲ್ಲಿ ಈ ಕೆಲಸ ವಾರ ಹತ್ತು ದಿನದಲ್ಲಿ ಮುಗಿದುಹೋಗುತ್ತದಂತೆ. ನಮ್ಮದು ಚಳಿಯ ಊರು. ಇಲ್ಲಿ ಹಾಲು ಹೆಪ್ಪಾಗುವುದಕ್ಕೇ ಎರಡು ದಿನ ಬೇಕು, ಇನ್ನು ದ್ರಾಕ್ಷಿರಸದ ಮಾತೇನು. ಆ ನಲವತ್ತು ದಿನಗಳಲ್ಲಿ ಪೀಪಾಯಿಗೆ ಕೇಳುವಷ್ಟು ಹತ್ತಿರ ಯಾರಾದರೂ ಸುಳ್ಳು ಹೇಳಿದರೆ, ಒಂದು ಪಾತ್ರೆ ಆಲೂಗಡ್ಡೆ ಬೇಯುವಷ್ಟರಲ್ಲಿ ಗುಳುಗುಳು ನಿಲ್ಲುತ್ತದೆ, ಮೂಗಿಗೆ ಹುಳಿ ಬಡಿಯುತ್ತದೆ, ಮುಗಿಯಿತು. ಆಮೇಲೆ ಅದರಲ್ಲಿ ತಾಮ್ರದ ಹಂಡೆ ಬೆಳಗಬಹುದು, ಅಷ್ಟೇ.

ನೀವು ನಗಬಹುದು. ಆದರೆ ಒಂದು ಸಲ ಇದ್ದು ನೋಡಿದರೆ ಗೊತ್ತಾಗುತ್ತದೆ, ಮನುಷ್ಯನಿಗೆ ದಿನಕ್ಕೆ ಎಷ್ಟು ಸುಳ್ಳು ಬೇಕು ಎಂದು. ನಲವತ್ತು ಹಿಡಿಯಿತೆಂದರೆ ನಮ್ಮೂರಲ್ಲಿ ಹೆಣ್ಣು ನೋಡುವ ಶಾಸ್ತ್ರ ಇಟ್ಟುಕೊಳ್ಳುವುದಿಲ್ಲ. ಜ್ಯೋತಿಷಿ ಮಗಳ ಮನೆಗೆ ಹೊರಟುಬಿಡುತ್ತಾನೆ. ಜವಳಿ ಅಂಗಡಿಯವನು ಬಣ್ಣ ಹೋಗುವುದಿಲ್ಲ ಎನ್ನಲಾರದೆ, ಬಟ್ಟೆಯನ್ನು ಗಿರಾಕಿಯ ಮುಂದಿಟ್ಟು ಸೂರು ನೋಡುತ್ತಾ ಕೂರುತ್ತಾನೆ. ಬಾಣಂತಿಯನ್ನು ನೋಡಲು ಬಂದ ಹೆಂಗಸರು ಕೂಸಿನ ಮುಖ ನೋಡಿ, ‘ಕೈಕಾಲೆಲ್ಲ ಐತೆ ಕಣವ್ವ’ ಎಂದಷ್ಟೇ ಹೇಳಿ ಎದ್ದು ಹೋಗುತ್ತಾರೆ. ಅಂಚೆಯವನು ಕಾಗದಗಳನ್ನು ಊರೊಳಗೆ ತರುವುದಿಲ್ಲ, ಸೇತುವೆಯ ಆಚೆ ತುದಿಯಲ್ಲಿ ನಿಂತು ಪೀಪಿ ಊದುತ್ತಾನೆ. ಬೇಕಾದವರು ಅಲ್ಲಿಗೇ ಹೋಗಿ ಇಸಿದುಕೊಂಡು ಅಲ್ಲೇ ಓದಿಕೊಳ್ಳಬೇಕು. ‘ನಾವೆಲ್ಲರೂ ಇಲ್ಲಿ ಕ್ಷೇಮ’ ಎಂದು ಶುರುವಾಗುವ ಕಾಗದವನ್ನು ಯಾರಾದರೂ ಮನೆಯಲ್ಲಿ ಗಟ್ಟಿಯಾಗಿ ಓದಿಬಿಟ್ಟರೆ ಗತಿಯೇನು?

ನಮ್ಮ ಯಜಮಾನರು ಕಂಬಳಿ ಮಾರುವವರು. ಅವರ ಬಾಯಲ್ಲಿ ಯಾವ ಕುರಿಯ ಉಣ್ಣೆಯಾದರೂ ಹಿಮದ ಬೆಟ್ಟದ ತುದಿಯದೇ. ಒಳ್ಳೆಯವರು, ಆದರೆ ನಲವತ್ತು ದಿನ ಬಾಯಿ ಕಟ್ಟಿಕೊಂಡು ಇರುವ ಆಸಾಮಿಯಲ್ಲ. ಅದಕ್ಕೇ ಪೀಪಾಯಿ ತುಂಬಿದ ಮಾರನೆಯ ದಿನ ಅವರೇ ಕಂಬಳಿ ಗಂಟು ಹೆಗಲಿಗೇರಿಸಿ ಆಚೆ ದಡದ ಛತ್ರ ಸೇರುತ್ತಾರೆ. ಉಳಿದ ನಾವೆಲ್ಲ ಮಾತು ತಿರುಗಿಸುವುದನ್ನು ಕಲಿತುಕೊಂಡೆವು. ‘ಸಾರು ಹೆಂಗಾಗೈತೆ?’ ಎಂದು ಯಾವ ಮನೆಯ ಅತ್ತೆ ಕೇಳಿದರೂ ಸೊಸೆಯಾದವಳು ‘ಒಲೆ ಚೆನ್ನಾಗಿ ಉರೀತಾ ಐತೆ ಅತ್ತೆ’ ಎನ್ನುವುದು. ಅದು ಸುಳ್ಳಲ್ಲ ನೋಡಿ. ಯಾವ ಬಗೆಯ ಸುಳ್ಳಿಗೆ ರಸ ಕೆಡುತ್ತದೆ, ಯಾವುದಕ್ಕೆ ಕೆಡುವುದಿಲ್ಲ ಎಂದು ಕೂತು ಬಿಡಿಸಿ ನೋಡಿದವರು ಯಾರೂ ಇರಲಿಲ್ಲ. ನೋಡುವುದಕ್ಕೆ ಒಂದು ಪೀಪಾಯಿ ಬಲಿ ಕೊಡಬೇಕಲ್ಲ. ಹೆದರಿಕೊಂಡು ಎಲ್ಲ ಸುಳ್ಳನ್ನೂ ಒಟ್ಟಿಗೇ ಬಿಟ್ಟೆವು.

ಊರಿಗೆ ದ್ರಾಕ್ಷಿ ತಂದವರು ನನ್ನ ಮಾವ ದುಂಡಯ್ಯ. ಹರೆಯದಲ್ಲಿ ಕೆಳನಾಡಿಗೆ ರಸ್ತೆ ಕೆಲಸಕ್ಕೆ ಹೋದವರು, ವಾಪಸ್ಸು ಬರುವಾಗ ಒದ್ದೆ ಗೋಣಿಯಲ್ಲಿ ಹನ್ನೆರಡು ಕಡ್ಡಿ ಸುತ್ತಿಕೊಂಡು ಬಂದರಂತೆ. ಬಾರ್ಲಿ, ಆಲೂಗಡ್ಡೆ, ಕೋಸು ಬಿಟ್ಟು ಬೇರೇನೂ ಕಾಣದ ಊರು ಇದು. ಮಾವ ಮನೆಯ ಹಿಂದಿನ ಇಳಿಜಾರಿನಲ್ಲಿ ಕಡ್ಡಿ ನೆಟ್ಟು, ಚಳಿಗಾಲದಲ್ಲಿ ಹುಲ್ಲು ಹೊದಿಸಿ, ಬೇಸಿಗೆಯಲ್ಲಿ ಬಿಚ್ಚಿ, ಮಕ್ಕಳ ಹಾಗೆ ಸಾಕಿದರು. ಬಳ್ಳಿ ಬೆಳೆಯಿತು, ಗೊಂಚಲೂ ಬಿಟ್ಟಿತು, ಆದರೆ ಕಾಯಿ ಹಸಿರು ಗೋಲಿಯ ಹಾಗೆ ಕೂತುಬಿಡುತ್ತಿತ್ತು. ಹಣ್ಣಾಗುವ ಮೊದಲೇ ಹಿಮ ಬಿದ್ದು ಎಲೆಯೆಲ್ಲ ಕಪ್ಪಾಗುತ್ತಿತ್ತು. ಊರವರಿಗೆ ಒಳ್ಳೆಯ ನಗೆಪಾಟಲು ಸಿಕ್ಕಿತು. ಬಾವಿಗೆ ಹೊಸ ರಾಟೆ ಯಾವಾಗ ಎಂದು ಯಾರಾದರೂ ಕೇಳಿದರೆ, ‘ದುಂಡಯ್ಯನ ದ್ರಾಕ್ಷಿ ಹಣ್ಣಾದಾಗ’ ಎನ್ನುತ್ತಿದ್ದರು.

ನಾನು ಸೊಸೆಯಾಗಿ ಬಂದಾಗ ಆ ಬಳ್ಳಿಗಳಿಗೆ ಇಪ್ಪತ್ನಾಲ್ಕು ವರ್ಷ, ನನಗೆ ಹದಿನೆಂಟು. ಬಂದ ವಾರಕ್ಕೆ ಮಾವ ಒಂದು ಹಣ್ಣು ಕಿತ್ತು ನನ್ನ ಅಂಗೈಗೆ ಹಾಕಿದರು. ಬಾಯಿಗಿಟ್ಟೆ.

‘ಹೆಂಗೈತೆ ಪುಟ್ಟೀರಿ?’

‘ಹಲ್ಲೆಲ್ಲ ಚುಳ್ ಅಂತು ಮಾವ’ ಎಂದೆ.

ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ಮಾವ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಈ ಮನೇಲಿ ಎಲ್ರೂ ಇಪ್ಪತ್ತು ವರ್ಸದಿಂದ ಸಕ್ಕರೆ ಇದ್ದಂಗೈತೆ ಅಂತಾನೇ ಅಂತಾವ್ರೆ ಕಣವ್ವ. ಸದ್ಯ, ನಿಜ ಹೇಳೋಳು ಒಬ್ಳು ಬಂದ್ಲು’ ಎಂದರು. ಅಂದಿನಿಂದ ಮಾವನಿಗೆ ಏನು ಕೇಳಬೇಕಾದರೂ ನಾನೇ ಬೇಕು. ನನಗೂ ಅದು ಹೆಮ್ಮೆ. ಆ ಹೆಮ್ಮೆ ಇಲ್ಲದಿದ್ದರೆ ಈ ಕಥೆಯೇ ಬೇರೆಯಾಗುತ್ತಿತ್ತೇನೋ.

ಅದಾದ ಮೇಲೆ ಯಾಕೋ ಏನೋ ಚಳಿ ತನ್ನ ಹಿಡಿತ ಸ್ವಲ್ಪ ಸಡಿಲಿಸಿತು. ಹಿಮ ಬೀಳುವುದು ಹತ್ತು ದಿನ ತಡವಾಯಿತು, ಆಮೇಲೆ ಇಪ್ಪತ್ತು. ಮಾವ ಹೊಳೆಯಿಂದ ಚಪ್ಪಟೆ ಕರಿಕಲ್ಲು ಹೊತ್ತು ತಂದು ಪ್ರತಿ ಬಳ್ಳಿಯ ಬುಡದಲ್ಲಿ ಹಾಸಿದರು. ಹಗಲು ಕುಡಿದ ಬಿಸಿಲನ್ನು ಆ ಕಲ್ಲು ಸಂಜೆಯವರೆಗೂ ಬಳ್ಳಿಗೆ ಕೊಡುತ್ತಿತ್ತು. ಕಡೆಗೂ ಒಂದು ವರ್ಷ ಗೊಂಚಲಿಗೆ ಕೆಂಪು ಇಳಿಯಿತು. ಹಿಂಡಿ ಪೀಪಾಯಿಗೆ ತುಂಬಿದೆವು. ಕೊಟ್ಟಿಗೆಯಲ್ಲಿಟ್ಟರೆ ರಸ ಮರಗಟ್ಟಿದ ಹಾಗೆ ಸುಮ್ಮನಿತ್ತು; ಮನೆಯೊಳಗೆ ತಂದು ಅಡುಗೆ ಒಲೆಯ ಪಕ್ಕದಲ್ಲಿಟ್ಟ ಮೇಲೆಯೇ ಅದಕ್ಕೆ ಜೀವ ಬಂದು ಗುಳುಗುಳು ಎಂದದ್ದು. ಹಾಗಾಗಿ ನಮ್ಮೂರಲ್ಲಿ ಪೀಪಾಯಿ ಎಂದರೆ ಒಲೆಯ ಪಕ್ಕ ಕೂರುವ ಮನೆಮಂದಿಯಲ್ಲಿ ಒಬ್ಬ. ನಾವು ಜಗಳಾಡುವುದೂ, ಕೊಚ್ಚಿಕೊಳ್ಳುವುದೂ, ಸುಳ್ಳು ಹೇಳುವುದೂ ಎಲ್ಲ ಅದರ ಎದುರೇ. ವರ್ಷ ವರ್ಷವೂ ರಸ ಹುಳಿಯಾಯಿತು. ಮಾವನ ಮೆಚ್ಚುಗೆಗೆಂದು, ಮಾವನನ್ನು ಮೀರಿಸಬೇಕೆಂದು ಬಳ್ಳಿ ನೆಟ್ಟ ಇನ್ನೂ ಐದಾರು ಮನೆಯವರದೂ ಹುಳಿಯಾಯಿತು.

ಆ ನಡುವೆಯೇ ಚಿಕ್ಕತಾಯಿ ಮನೆ ಬಿಟ್ಟದ್ದು. ಚಿಕ್ಕತಾಯಿ ನನ್ನ ನಾದಿನಿ, ಮಾವನಿಗೆ ಒಬ್ಬಳೇ ಮಗಳು, ಬಳ್ಳಿಗೆ ಹುಲ್ಲು ಹೊದಿಸುವಾಗ ಅವರ ಜೊತೆಗೇ ಇರುತ್ತಿದ್ದವಳು. ಸೇತುವೆ ರಿಪೇರಿಗೆ ಬಂದಿದ್ದ ಒಬ್ಬ ಗಾರೆ ಕೆಲಸದವನ ಜೊತೆ ಹೊರಟುಹೋದಳು. ಮೂರು ತಿಂಗಳಿಗೆ, ದ್ರಾಕ್ಷಿ ಹಿಂಡಿದ ಹೊಸದರಲ್ಲಿ, ಅಪ್ಪನ ಕಾಲು ಹಿಡಿಯಲೆಂದು ಒಬ್ಬಳೇ ಬಂದು ಬಾಗಿಲಲ್ಲಿ ನಿಂತಳು. ಮಾವ ಒಳಗಿನಿಂದ ಅಗಳಿ ಹಾಕಿಕೊಂಡು, ‘ನಂಗೆ ಮಗಳು ಅನ್ನೋಳು ಇಲ್ಲ. ಯಾರಮ್ಮಾ ನೀನು?’ ಎಂದರು. ಅವಳು ಸ್ವಲ್ಪ ಹೊತ್ತು ನಿಂತಿದ್ದು ಹೋದಳು. ಅವಳು ಸೇತುವೆ ದಾಟುವಷ್ಟರಲ್ಲಿ ಮನೆಯೆಲ್ಲ ಹುಳಿ ನಾತ. ಆ ವರ್ಷ ರಸ ಕೆಟ್ಟದ್ದು ಹಾಗೆ. ಕಾರಣ ಮಾತ್ರ ಆಗ ನಮಗೆ ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಇನ್ನೆರಡು ವರ್ಷದ ಮೇಲೆ, ಸೋಮಾಚಾರಿಯಿಂದ. ಊರಿನ ಪೀಪಾಯಿಗಳನ್ನೆಲ್ಲ ಮಾಡಿಕೊಡುವ ಬಡಗಿ ಅವನು. ಹುಟ್ಟಿನಿಂದ ಮಾತಿಲ್ಲ, ಒಂಟಿ ಮನುಷ್ಯ. ತಾನೂ ಒಂದು ಕೈ ನೋಡೋಣವೆಂದು ಸಣ್ಣ ಪೀಪಾಯಿಯೊಂದನ್ನು ತುಂಬಿಟ್ಟಿದ್ದ. ಇಡೀ ಊರಿನಲ್ಲಿ ಅವನ ವೈನೊಂದೇ ಸರಿಯಾಗಿ ಬಂತು. ಅವನ ಕೈಗುಣ ಎಂದರು, ಮರದ ಗುಣ ಎಂದರು. ಮುಂದಿನ ವರ್ಷ ಅವನದೂ ಹುಳಿಯಾಯಿತು. ಮಾವ ಅವನ ಮನೆಗೆ ಹೋಗಿ ಜಗಲಿಯಲ್ಲಿ ಕೂತು, ಆ ದಿನ ಏನೇನು ನಡೆಯಿತು ಎಂದು ಬಿಡಿಸಿ ಬಿಡಿಸಿ ಕೇಳಿದರು, ಅವನು ಸನ್ನೆಯಲ್ಲೇ ಹೇಳಿದ. ಯಾರೋ ಗಿರಾಕಿ ಬಂದು, ‘ನನ್ನ ಬಾಗಿಲು ನಾಳೆ ಆಯ್ತದಾ?’ ಎಂದು ಕೇಳಿದ್ದನಂತೆ. ಇವನು ಹೂಂ ಎಂದು ತಲೆಯಾಡಿಸಿದ್ದನಂತೆ. ಆ ಬಾಗಿಲಿಗೆ ಇನ್ನೂ ಮರವನ್ನೇ ಕೊಯ್ದಿರಲಿಲ್ಲ. ಬಡಗಿಯ ‘ನಾಳೆ’ ಸುಳ್ಳೆಂದು ಲೋಕಕ್ಕೆಲ್ಲ ಗೊತ್ತು, ಪೀಪಾಯಿಗೂ ಗೊತ್ತಾಗಿತ್ತು.

ಮಾವ ಮನೆಗೆ ಬಂದು ಊಟ ಮಾಡದೆ ಕೂತರು. ನಾನು ಏನಾಯಿತೆಂದು ಕೇಳಿದೆ.

‘ಮಗಳಿಲ್ಲ ಅಂದೆನಲ್ಲ ಪುಟ್ಟೀರಿ, ಅವತ್ತು. ಪೀಪಾಯಿಗೆ ಗೊತ್ತಿತ್ತು ಕಣವ್ವ. ನಂಗೇ ಗೊತ್ತಿರ್ನಿಲ್ಲ’ ಎಂದರು.

ಮಾರನೆಯ ದಿನ ಸೋಮಾಚಾರಿಯನ್ನು ಕರೆಸಿ ಮುಂಬಾಗಿಲ ಅಗಳಿ ಕೀಳಿಸಿದರು. ಆ ಬಾಗಿಲಿಗೆ ಇವತ್ತಿಗೂ ಅಗಳಿಯಿಲ್ಲ. ಚಿಕ್ಕತಾಯಿಗೆ ನನ್ನ ಕೈಲಿ ಕಾಗದ ಬರೆಸಿದರು. ಉತ್ತರ ಬರಲಿಲ್ಲ. ಇನ್ನೊಂದು ಬರೆಸಿದರು. ಅದಕ್ಕೂ ಇಲ್ಲ. ಅದೇ ಚಳಿಗಾಲದಲ್ಲಿ ಅತ್ತೆ ತೀರಿಕೊಂಡರು, ಮಗಳು ಬರಲಿಲ್ಲ. ಮಾವನ ಎದೆಯಲ್ಲಿ ಕಫ ಕೂತದ್ದು ಆ ಮೇಲೆ.

ನಾನು ಹೇಳಬೇಕಾದ ವರ್ಷ ಅದರ ಮುಂದಿನದು. ನಿಜ ಗೊತ್ತಾದ ಮೇಲೆ ಊರು ತುಂಬಿದ ಮೊದಲ ಪೀಪಾಯಿಗಳು. ಎಲ್ಲರಿಗೂ ಭಯ, ಎಲ್ಲರ ಬಾಯಿಗೂ ಬೀಗ, ಆದರೂ ಹದಿನೈದು ದಿನ ಕಳೆಯುವಷ್ಟರಲ್ಲಿ ಒಂದೊಂದೇ ಮನೆಯಿಂದ ಹುಳಿ ನಾತ ಬಂತು. ಅಭ್ಯಾಸ ಸುಲಭಕ್ಕೆ ಬಿಡುತ್ತದೆಯೇ? ಇಪ್ಪತ್ತನೆಯ ದಿನಕ್ಕೆ ಊರಲ್ಲಿ ಗುಳುಗುಳು ಎಂದು ಹಾಡುತ್ತಿದ್ದದ್ದು ನಮ್ಮದೊಂದೇ. ಬೆಳಿಗ್ಗೆ ನೀರಿಗೆ ಹೋದರೆ ಹೆಂಗಸರು ದಾರಿ ಬಿಟ್ಟು ನಿಲ್ಲುತ್ತಿದ್ದರು. ‘ನಿಮ್ಮದು ಹೆಂಗೈತೆ ಪುಟ್ಟೀರಿ?’ ‘ಹಾಡ್ತಾ ಐತೆ.’ ಆ ಮಾತು ಹೇಳುವಾಗ ನನ್ನ ಕುತ್ತಿಗೆ ಸ್ವಲ್ಪ ಉದ್ದವಾಗುತ್ತಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಒಲೆಯ ಒಂದು ಪಕ್ಕ ಪೀಪಾಯಿ, ಇನ್ನೊಂದು ಪಕ್ಕ ಮಾವನ ಹಾಸಿಗೆ. ಪಂಡಿತರು ಬಂದು ನಾಡಿ ನೋಡಿದರು. ರೋಗಿಯ ಎದುರಿಗೆ ಏನಾದರೊಂದು ಧೈರ್ಯ ಹೇಳಿ ರೂಢಿಯಾದ ಬಾಯಿ, ತಡೆದುಕೊಂಡು ಕೈಸನ್ನೆ ಮಾಡಿ ನನ್ನನ್ನು ಹೊರಗೆ ಕರೆದರು. ‘ಇನ್ನು ಹದಿನೈದು ದಿನ ಇದ್ದರೆ ಹೆಚ್ಚು ತಾಯಿ. ಒಲೆ ಬಿಟ್ಟು ಆಚೀಚೆ ಕದಲಿಸಬೇಡಿ, ಹೊರಗಿನ ಗಾಳಿ ತಾಕಿದರೆ ಇವತ್ತೇ’ ಎಂದರು. ಪೀಪಾಯಿಯದೂ ಅದೇ ಕಥೆ, ಒಲೆ ಬಿಟ್ಟು ಕದಲಿಸಿದರೆ ಅವತ್ತೇ. ಇಬ್ಬರಿಗೂ ಬೇಕಾದದ್ದು ಆ ಒಂದೇ ಬೆಂಕಿ.

ಯಜಮಾನರಿಗೆ ಹೇಳಿ ಕಳಿಸಿದೆ. ಸೇತುವೆಯ ಮೇಲೆ ಸಿಕ್ಕಿ ಅತ್ತರು. ‘ನಾನು ಒಳಕ್ಕೆ ಬಂದ್ರೆ ಅಪ್ಪನ್ ಮುಂದೆ ಏನೇನು ಹೇಳಿಬಿಡ್ತೀನೋ, ನನ್ ಬಾಯ್ ಮೇಲೆ ನಂಗೇ ನಂಬ್ಕೆ ಇಲ್ಲ. ನೀನೇ ನೋಡ್ಕೊ’ ಎಂದರು. ದಿನಕ್ಕೊಂದು ಸಲ ಬಂದು, ಬಾಯಿಗೆ ಟವಲು ಕಟ್ಟಿಕೊಂಡು, ಅಪ್ಪನ ಕಾಲೊತ್ತಿ ಹೋಗುತ್ತಿದ್ದರು. ಅದನ್ನು ನೋಡಿ ಆಗ ನಗು ಬಂದಿತ್ತು.

ಇಪ್ಪತ್ತೆರಡನೆಯ ದಿನ ಅಂಚೆಯವನ ಪೀಪಿ ಕೇಳಿಸಿತು. ಚಿಕ್ಕತಾಯಿಯ ಕಾಗದ. ಸೇತುವೆಯ ಕಟ್ಟೆಗೆ ಒರಗಿ ಓದಿದೆ. ನಾಲ್ಕೇ ಸಾಲು. ‘ಅತ್ತಿಗೆಗೆ, ಅಪ್ಪ ಅಂದು ನನಗೆ ಮಗಳೇ ಇಲ್ಲ ಎಂದರು. ಇಲ್ಲದ ಮಗಳು ಎಲ್ಲಿಂದ ಬರುತ್ತಾಳೆ? ನಾನು ಬರುವುದಿಲ್ಲ. ಮತ್ತೆ ಬರೆಯಬೇಡಿ.’ ಕ್ಷೇಮದ ಮಾತೂ ಇರಲಿಲ್ಲ. ಆ ಕಾಗದವನ್ನು ನಮ್ಮೂರಲ್ಲಿ ಯಾವ ಪೀಪಾಯಿಯ ಮುಂದೆ ಬೇಕಾದರೂ ಓದಬಹುದಿತ್ತು. ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಬಂದೆ.

‘ಪೀಪಿ ಊದಿದ್ದು ಕೇಳಿಸ್ತು. ಕಾಗದ ಬಂತಾ?’ ಎಂದರು ಮಾವ.

‘ಸೇತುವೆ ಮೇಲೆಲ್ಲ ಮಂಜು ಮಾವ, ಕಾಲಿಟ್ರೆ ಜಾರುತ್ತೆ.’

ಮರುದಿನ ಮತ್ತೆ ಕೇಳಿದರು, ಗಂಜಿ ಆರುತ್ತದೆ ಎಂದೆ. ಅದರ ಮರುದಿನ ಕೇಳಿದರು, ಕಂಬಳಿ ಸರಿಮಾಡಿದೆ. ಹೀಗೆ ಒಂಬತ್ತು ದಿನ. ಅವರ ಮುಖ ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು, ಕಣ್ಣು ಮಾತ್ರ ಬಾಗಿಲ ಕಡೆಗೇ.

ಮೂವತ್ತೊಂದನೆಯ ದಿನ ಬೆಳಿಗ್ಗೆ, ಕಿಟಕಿಯಿಂದ ಒಂದು ತುಂಡು ಬಿಸಿಲು ಒಳಗೆ ಬಿದ್ದಿತ್ತು. ನಾನು ಇಬ್ಬರ ನಡುವೆ ಕೂತು ಆಲೂಗಡ್ಡೆ ಹೆರೆಯುತ್ತಿದ್ದೆ. ಮಾವ ನನ್ನ ಸೆರಗು ಹಿಡಿದು ಎಳೆದರು.

‘ಇನ್ನು ಮಾತು ತಿರುಗಿಸ್ಬ್ಯಾಡ ಕಣವ್ವ. ಈ ಊರ್ಗೆ ಮಾತು ತಿರುಗ್ಸೋದ ಕಲಿಸ್ದೋನೇ ನಾನು. ಚಿಕ್ಕತಾಯಿ ಬತ್ತಾಳಾ? ಹೂಂ ಅನ್ನು, ಇಲ್ಲ ಅನ್ನು.’

ಒಂದು ಹೂಂ. ಅಷ್ಟೇ ಬೇಕಾಗಿದ್ದದ್ದು. ಹೇಳಿದ್ದರೆ ಅವರ ಮುಖ ಹೇಗಾಗುತ್ತಿತ್ತು ಎಂದು ನನಗೆ ಗೊತ್ತಿತ್ತು. ಹೇಳಿದ್ದರೆ ಆಲೂಗಡ್ಡೆ ಬೇಯುವಷ್ಟರಲ್ಲಿ ಅವರ ಮೂವತ್ತು ವರ್ಷದ ದುಡಿಮೆ ಅವರ ಕಣ್ಣೆದುರೇ ಹುಳಿಯಾಗುತ್ತದೆ, ಆಗ ನನ್ನ ಹೂಂ ಸುಳ್ಳೆಂದೂ ತಿಳಿಯುತ್ತದೆ, ಎರಡೂ ಕಡೆಯಿಂದ ಅವರನ್ನು ಕೊಂದಂತಾಗುತ್ತದೆ ಎಂದೂ ಅನ್ನಿಸಿತು. ಊರವರಿಗೆ ಆಮೇಲೆ ನಾನು ಹೇಳಿದ್ದು ಇದನ್ನೇ. ಎಲ್ಲರೂ ತಲೆದೂಗಿದರು. ಆದರೆ ಇಲ್ಲಿ ಹೇಳಿಬಿಡುತ್ತೇನೆ, ಆ ಗಳಿಗೆಯಲ್ಲಿ ನನ್ನ ಕಣ್ಣು ಮಾವನ ಮೇಲೆ ಇರಲಿಲ್ಲ. ಪೀಪಾಯಿಯ ಮೇಲಿತ್ತು. ಊರಲ್ಲಿ ಉಳಿದಿದ್ದ ಒಂದೇ ಪೀಪಾಯಿ, ನಿಜ ಹೇಳುವ ಪುಟ್ಟೀರಿಯ ಮನೆಯದು. ಒಂಬತ್ತೇ ದಿನ ಬಾಕಿ.

‘ಇಲ್ಲ ಮಾವ. ಬರಲ್ಲ ಅಂತ ಬರ್ದವಳೆ’ ಎಂದೆ.

ಸೆರಗು ಹಿಡಿದಿದ್ದ ಕೈ ಸಡಿಲವಾಯಿತು. ಮಾವ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನ ಮಂಡಿ ತಟ್ಟಿದರು, ಅಳುವ ಮಗುವನ್ನು ತಟ್ಟುವ ಹಾಗೆ.

‘ಸರಿ ಬಿಡು. ನಂಗೇನೂ ಬೇಸರ ಇಲ್ಲ ಕಣವ್ವ’ ಎಂದರು.

ಆ ಮಾತು ಸುಳ್ಳಾಗಿದ್ದರೆ? ಹೆರೆಯುತ್ತಿದ್ದ ಆಲೂಗಡ್ಡೆಯನ್ನು ಅಲ್ಲೇ ಬಿಟ್ಟು ಎದ್ದು ಹೋಗಿ ಪೀಪಾಯಿಗೆ ಕಿವಿ ಇಟ್ಟೆ. ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ. ಗುಳುಗುಳು ನಿಲ್ಲಲಿಲ್ಲ, ಹುಳಿ ನಾತ ಬರಲಿಲ್ಲ. ಖುಷಿಯಿಂದ ತಿರುಗಿ, ‘ಮಾವ, ಹಾಡ್ತಾ ಐತೆ!’ ಎಂದೆ. ಅವರು ಗೋಡೆ ಕಡೆಗೆ ಹೊರಳಿ ಮಲಗಿದ್ದರು. ಮಗಳ ಸುದ್ದಿ ಹೇಳಿ ಅವರ ಪಕ್ಕದಲ್ಲಿ ಕೂರುವುದು ಬಿಟ್ಟು ನಾನು ಮರದ ಪೀಪಾಯಿಗೆ ಕಿವಿ ಕೊಟ್ಟು ನಿಂತಿದ್ದೆ. ಆ ಅಷ್ಟು ಹೊತ್ತನ್ನು ಯಾರಾದರೂ ನನಗೆ ವಾಪಸ್ಸು ಕೊಟ್ಟರೆ ನಮ್ಮ ಇಳಿಜಾರನ್ನೆಲ್ಲ ಬರೆದುಕೊಡುತ್ತೇನೆ.

ಅದಾದ ನಾಲ್ಕನೆಯ ದಿನ ಮಾವ ಹೋದರು. ಮತ್ತೆ ಬಾಗಿಲ ಕಡೆ ನೋಡಲೂ ಇಲ್ಲ, ನನ್ನನ್ನು ಏನೂ ಕೇಳಲೂ ಇಲ್ಲ.

ನಲವತ್ತನೆಯ ದಿನ ಊರೆಲ್ಲ ನಮ್ಮ ಅಂಗಳದಲ್ಲಿ ಸೇರಿತು. ಸೋಮಾಚಾರಿ ಪೀಪಾಯಿಯ ಬಿರಡೆ ತೆಗೆದು, ಮೊದಲ ಲೋಟ ಹಿಡಿದು ನನಗೆ ಕೊಟ್ಟ. ಅಂಥದ್ದನ್ನು ನಮ್ಮೂರು ಅದುವರೆಗೆ ಕಂಡಿರಲಿಲ್ಲ. ಬಾಯಿಗಿಟ್ಟ ಕೂಡಲೇ ನಮ್ಮ ಚಳಿ, ಹೊಳೆಯ ಕರಿಕಲ್ಲು, ಕಡೆಯಲ್ಲಿ ಎಲ್ಲಿಂದಲೋ ಒಂದು ಸಣ್ಣ ಸಿಹಿ. ಮುದುಕರು ಕಣ್ಣು ಒರೆಸಿಕೊಂಡರು. ‘ಬೇಸರ ಇಲ್ಲ ಅಂದು ಹೋದ ಪುಣ್ಯಾತ್ಮ, ಸುಳ್ಳಾಗಿದ್ರೆ ಇದು ಹಿಂಗೆ ಬತ್ತಿತ್ತಾ?’ ಎಂದರು. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಚಳಿಯ ದಿನ ಬಿಸಿ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಹೊಟ್ಟೆಯ ಮೇಲಿಟ್ಟುಕೊಳ್ಳುತ್ತೇವಲ್ಲ, ಹಾಗೆ. ಮಾವನ ನೆನಪು ಕುಟುಕಿದಾಗಲೆಲ್ಲ ಅದೇ: ಅವರಿಗೆ ಬೇಸರವಿರಲಿಲ್ಲ, ಪೀಪಾಯಿಯೇ ಸಾಕ್ಷಿ.

ಆಮೇಲಿನದು ನಿಮಗೂ ಗೊತ್ತು. ಕೆಳನಾಡಿನವರು ಬಂದು ಕುಡಿದರು, ಹೋಗಿ ಇನ್ನಷ್ಟು ಜನರನ್ನು ಕರೆತಂದರು. ಬಾರ್ಲಿ ಹೊಲಗಳೆಲ್ಲ ದ್ರಾಕ್ಷಿ ತೋಟಗಳಾದವು. ಬಿಸಿಲು ಬೀಳುವ ಒಂದೊಂದು ಇಳಿಜಾರಿಗೂ ಕರಿಕಲ್ಲು ಹಾಸಿದರು, ಹೊಳೆಯಲ್ಲಿ ಕಲ್ಲೇ ಉಳಿಯಲಿಲ್ಲ. ಊರಾಚೆ ಕಲ್ಲಿನ ಉಗ್ರಾಣಗಳು ಎದ್ದವು, ಒಳಗೆ ಸಾಲು ಒಲೆಗಳು, ಬಾಗಿಲಲ್ಲಿ ಬೋರ್ಡು, ಒಳಗೆ ಹೋಗುವವರು ಬಾಯಿ ಬಿಡುವ ಹಾಗಿಲ್ಲ. ಈಗಿನ ಸೀಸೆಗಳ ಮೇಲೆ ‘ದುಂಡಯ್ಯನ ದ್ರಾಕ್ಷಿ’ ಎಂದೇ ಅಚ್ಚು ಹಾಕಿಸಿದ್ದಾರೆ. ಮೊದಲು ಆ ಮಾತಿಗೆ ಏನರ್ಥವಿತ್ತು ಎಂದು ಹೇಳುವವರು ಈಗ ನಾವು ನಾಲ್ಕೈದು ಜನ. ನಾನು ಮಾತ್ರ ವರ್ಷಕ್ಕೊಂದು ಪೀಪಾಯಿಯನ್ನು ಹಳೆಯ ಹಾಗೆಯೇ ಒಲೆಯ ಪಕ್ಕ ಇಡುತ್ತೇನೆ. ಯಜಮಾನರು ಈಗಲೂ ಛತ್ರಕ್ಕೆ ಹೋಗುತ್ತಾರೆ. ಹಲ್ಲು ಉದುರಿದವು, ಸುಳ್ಳು ಉದುರಲಿಲ್ಲ.

ಚಿಕ್ಕತಾಯಿ ಬಂದದ್ದು ಮಾವ ಹೋದ ಇಪ್ಪತ್ತೆರಡು ವರ್ಷದ ಮೇಲೆ. ಅವಳು ಕಳೆದ ಚಳಿಗಾಲದಲ್ಲಿ ತೀರಿಕೊಂಡಳು, ಅದಕ್ಕೇ ಇದನ್ನೆಲ್ಲ ಈಗ ಹೇಳುತ್ತಿದ್ದೇನೆ, ಅವಳಿದ್ದಾಗ ಹೇಳುವಂತಿರಲಿಲ್ಲ, ಗೊತ್ತಿದ್ದ ಹಳಬರೂ ಅವಳ ಮುಂದೆ ಬಾಯಿ ಬಿಡಲಿಲ್ಲ.

ನಲವತ್ತರ ಹನ್ನೆರಡನೆಯ ದಿನ, ಮಧ್ಯಾಹ್ನ. ಒಲೆಯ ಮೇಲೆ ಆಗ ತಾನೇ ಆಲೂಗಡ್ಡೆ ಇಟ್ಟಿದ್ದೆ. ಬಾಗಿಲಲ್ಲಿ ನೆರಳು ಕಂಡು ತಿರುಗಿದೆ. ತಲೆಯೆಲ್ಲ ಬೆಳ್ಳಗೆ, ಕೈಯಲ್ಲೊಂದು ಬಟ್ಟೆಯ ಚೀಲ. ನಿಂತ ಭಂಗಿಯಿಂದ ಗುರುತು ಸಿಕ್ಕಿತು, ಅಂದು ನಿಂತಿದ್ದ ಜಾಗದಲ್ಲೇ ನಿಂತಿದ್ದಳು.

‘ಒಳಕ್ಕೆ ಬಾ ಚಿಕ್ಕತಾಯಿ.’

‘ಬರ್ಬೌದಾ ಅತ್ತಿಗೆ?’

‘ನಿಮ್ಮಪ್ಪ ಅಗಳಿ ಕೀಳ್ಸಿ ಹೋಗವ್ರೆ, ನೋಡಿಲ್ಲಿ.’

ಅವಳು ಅಗಳಿಯಿದ್ದ ತೂತಿನಲ್ಲಿ ಬೆರಳಿಟ್ಟು ನೋಡಿದಳು. ಒಳಗೆ ಬಂದು ಮಾವ ಮಲಗುತ್ತಿದ್ದ ಮೂಲೆಯಲ್ಲೇ, ನಾನು ಹೇಳದಿದ್ದರೂ, ಹೋಗಿ ಕೂತಳು. ಗಂಡ ಹೋದ ವಿಷಯ ಹೇಳಿದಳು, ಮಕ್ಕಳ ವಿಷಯ ಹೇಳಿದಳು. ಆಮೇಲೆ ಬೆಂಕಿ ನೋಡುತ್ತಲೇ ಕೇಳಿದಳು.

‘ಅಪ್ಪ ನನ್ನ ಕೇಳಿದ್ನಾ?’

‘ದಿನಾ ಕೇಳೋರು.’ ಇದು ನಿಜ.

‘ಆ ಕಾಗದ ನಾನು ಸಿಟ್ಟಲ್ಲಿ ಬರ್ದಿದ್ದು ಅತ್ತಿಗೆ. ಹಾಕಿದ್ ಮಾರ್ನೇ ದಿನವೇ ಹೊರಡ್ಬೇಕು ಅಂದ್ಕಂಡೆ, ಕಾಲು ಬರ್ನಿಲ್ಲ. ಇಪ್ಪತ್ತೆರಡು ವರ್ಸ ಆಯ್ತು, ತುತ್ತು ಎತ್ತಿದ್ರೂ ಅದೇ. ಆ ಮಾತ ಕೇಳ್ಕಂಡೇ ನಮ್ಮಪ್ಪ ಹೋದ್ನಲ್ಲಾ ಅಂತ.’ ಅವಳು ಬೆಂಕಿ ಬಿಟ್ಟು ನನ್ನ ಕಡೆ ತಿರುಗಿದಳು. ‘ನೀನು ಓದಿ ಹೇಳ್ದ್ಯಾ ಅತ್ತಿಗೆ? ನಿಜ ಹೇಳು.’

ನಿಜ ಹೇಳುವ ಪುಟ್ಟೀರಿ ನಾನು. ಆದರೆ ಈ ಸಲ ನನ್ನ ಕಣ್ಣು ಪೀಪಾಯಿಯ ಕಡೆ ಹೋಗಲೇ ಇಲ್ಲ. ಅವಳ ಮುಖ ಮಾತ್ರ ಕಾಣುತ್ತಿತ್ತು. ಅದು ಮಾವನ ಮುಖವೇ, ಅದೇ ಅಗಲ ಹಣೆ, ಅದೇ ಗಲ್ಲ.

‘ಇಲ್ಲ ಕಣೆ. ನಾನೇನು ಹುಚ್ಚಿಯಾ? ಕಾಗದ ಒಲೆಗೆ ಹಾಕ್ದೆ. ಬತ್ತಾಳೆ ಮಾವ, ದಾರೀಲವಳೆ ಅಂದೆ. ಬಾಗಿಲ ಕಡೆ ನೋಡ್ಕಂಡು, ನಗ್ನಗ್ತಾ ಹೋದ್ರು.’

ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು, ನಾವು ಕೂತಿದ್ದದ್ದು ಎಲ್ಲಿ ಎಂದು. ಚಿಕ್ಕತಾಯಿಗೂ ಗೊತ್ತಾಯಿತು. ನಮ್ಮೂರಿನ ನಲವತ್ತರ ಸುದ್ದಿ ಈಗ ಯಾವ ನಾಡಿಗೆ ಗೊತ್ತಿಲ್ಲ? ಅವಳು ನಿಧಾನವಾಗಿ ಪೀಪಾಯಿಯ ಕಡೆ ತಿರುಗಿದಳು. ನಾನೂ ತಿರುಗಿದೆ. ಒಲೆಯ ಮೇಲೆ ಆಲೂಗಡ್ಡೆಯ ನೀರು ಮರಳಲು ಶುರುವಾಗಿತ್ತು. ಇಬ್ಬರು ಮುದುಕಿಯರು ಒಂದು ಪೀಪಾಯಿಯ ಎದುರು ತೀರ್ಪಿಗೆ ಕಾದವರಂತೆ ಕೂತೆವು.

ಆಗ ನನ್ನ ಮನಸ್ಸು ಎರಡಾಗಿತ್ತು. ಅವಳಿಗೋಸ್ಕರ ಅದು ಹುಳಿಯಾಗದೆ ಇರಲಪ್ಪ ಎಂದು ಬೇಡಿಕೊಂಡೆ. ನನಗೋಸ್ಕರ ಹುಳಿಯಾಗಲಿ ಎಂದು ಬೇಡಿಕೊಂಡೆ. ಹುಳಿಯಾದರೆ ಅಂದು ನಾನು ಮಾಡಿದ್ದು ಸರಿ. ಹುಳಿಯಾದರೆ ಮಾವನಿಗೆ ನಿಜವಾಗಿ ಬೇಸರವಿರಲಿಲ್ಲ. ಚಿಕ್ಕತಾಯಿ ನನ್ನ ಮುಖಕ್ಕೆ ಉಗಿದು ಎದ್ದು ಹೋದರೂ ಚಿಂತೆಯಿಲ್ಲ ಎಂದು ಒಂದು ಗಳಿಗೆ ಅನ್ನಿಸಿತು; ಅಷ್ಟು ಕೆಟ್ಟವಳು ನಾನು.

ಆಲೂಗಡ್ಡೆ ಬೆಂದಿತು. ಸಿಪ್ಪೆ ಒಡೆದುಕೊಂಡಿತು. ಪೀಪಾಯಿ ಗುಳುಗುಳು ಎನ್ನುತ್ತಲೇ ಇತ್ತು. ಚಿಕ್ಕತಾಯಿ ಎದ್ದು ಹೋಗಿ ಮೂಗು ಇಟ್ಟು ಮೂಸಿದಳು, ಆಮೇಲೆ ಪೀಪಾಯಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಗೊಳೋ ಎಂದು ಅತ್ತಳು.

‘ನಿಜವೇ ಅತ್ತಿಗೆ! ನಗ್ತಾ ಹೋದ್ನಾ ನಮ್ಮಪ್ಪ! ಎಂಥ ಉಪ್ಕಾರ ಮಾಡ್ದೆ ನೀನು, ನಿಂಗೆ ಈ ಜಲ್ಮದಲ್ಲಿ ಹೆಂಗೆ ತೀರ್ಸ್ಲಿ?’

ಅವಳಿಗೆ ಆಲೂಗಡ್ಡೆ ಸುಲಿದು, ಉಪ್ಪು ಬೆಣ್ಣೆ ಹಾಕಿ ಕೊಟ್ಟೆ. ಇಪ್ಪತ್ತೆರಡು ವರ್ಷ ಊಟ ಕಾಣದವಳ ಹಾಗೆ ತಿಂದಳು. ಆಮೇಲೆ ಅಪ್ಪ ನೆಟ್ಟ ಮೊದಲ ಹನ್ನೆರಡು ಬಳ್ಳಿಗಳನ್ನು ನೋಡಬೇಕೆಂದು ಹಿತ್ತಲಿಗೆ ಹೋದಳು. ನಾನು ಒಳಗೇ ಉಳಿದೆ.

ಪೀಪಾಯಿಯ ಹತ್ತಿರ ಹೋಗಿ, ‘ಹುಳಿಯಾಗು’ ಎಂದು ಬಾಯಿಬಿಟ್ಟು ಕೇಳಿಕೊಂಡೆ. ಆಗಲಿಲ್ಲ. ಇನ್ನೊಬ್ಬರ ಎದೆ ತಣ್ಣಗಾಗಲಿ ಎಂದು ಹೇಳಿದ್ದನ್ನು ಅದು ಸುಳ್ಳಿನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಗಿದ್ದರೆ ಅಂದು ನನ್ನ ಒಂದು ಹೂಂ ಅನ್ನೂ ಹಿಡಿಯುತ್ತಿರಲಿಲ್ಲ. ಹಾಗಿದ್ದರೆ ಮಾವ ನನ್ನ ಮಂಡಿ ತಟ್ಟಿ, ಬೇಸರ ಇಲ್ಲ ಕಣವ್ವ ಎಂದರಲ್ಲ, ಅದನ್ನೂ ಹಿಡಿದಿರಲಿಲ್ಲ.

ಅವರ ಹಾಸಿಗೆ ಇರುತ್ತಿದ್ದ ಜಾಗದಲ್ಲಿ, ಚಿಕ್ಕತಾಯಿ ಕೂತೆದ್ದು ಇನ್ನೂ ಬೆಚ್ಚಗಿದ್ದ ಚಾಪೆಯ ಮೇಲೆ ಕೂತೆ. ‘ಹೂಂ ಮಾವ, ಬತ್ತಾಳೆ’ ಎಂದೆ. ಹಿತ್ತಲಲ್ಲಿ ಅವಳು ಬಳ್ಳಿಯ ಬುಡದ ಕಲ್ಲುಗಳನ್ನು ಒಂದೊಂದಾಗಿ ಸರಿಮಾಡಿ ಇಡುತ್ತಿದ್ದ ಸದ್ದು ಕೇಳಿಸುತ್ತಿತ್ತು.